ಎಡಗೊಂಬು ಮೊಂಡಾದ ಸಾರಂಗ

ಮನುಷ್ಯರನ್ನು ಮುಖ ನೋಡಿ ಅಳೆಯುವವರು ಅಳೆಯಲಿ, ಟೋಪಿ ಬ್ಯಾಡ್ಜನ್ನು ಮಾತ್ರ ಬೆನ್ನು ನೋಡಿಯೇ ಅಳೆಯಬೇಕು ಎಂಬುದು ಮಾವನ ಮತ. ಹಳೆಯ ಬ್ರಿಟಿಷ್ ಸೈನ್ಯದ ಟೋಪಿ ಬ್ಯಾಡ್ಜುಗಳನ್ನು ಗುರುತಿಸಿ, ಕಾಲ ಹೇಳಿ, ಬೆಲೆ ಕಟ್ಟುವ ಕಸುಬಿನಲ್ಲಿ ಅವರು ಐವತ್ತೆರಡು ವರ್ಷ ಸವೆಸಿದ್ದರು. ಯಾರೇ ಬ್ಯಾಡ್ಜು ತಂದು ಮೇಜಿನ ಮೇಲಿಡಲಿ, ಅವರು ಮೊದಲು ಮಾಡುತ್ತಿದ್ದ ಕೆಲಸ ಅದನ್ನು ಮಗುಚಿ ಹಾಕುವುದು. ಅದಕ್ಕೇ ಆ ವ್ಯಾಪಾರದವರೆಲ್ಲ ಅವರನ್ನು ಬೆನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರು. ಮೇಷ್ಟ್ರು ಎಂಬುದು ಗೌರವಕ್ಕೆ ಅಷ್ಟೆ. ಸೊಸೆಗೆ ಹೇಳಿಕೊಟ್ಟಿದ್ದನ್ನು ಬಿಟ್ಟರೆ ಅವರು ಯಾರಿಗೂ ಒಂದು ದಿನವೂ ಪಾಠ ಮಾಡಿದವರಲ್ಲ.

ಸೊಸೆ ಈ ಕಸುಬಿಗೆ ಬಂದದ್ದು ಹಲ್ಲಿನ ದಾರಿಯಿಂದ. ಹತ್ತೊಂಬತ್ತು ವರ್ಷ ಅವಳು ದಂತವೈದ್ಯರಿಗೆ ಹಲ್ಲಿನ ಕ್ಯಾಪು ಮಾಡಿಕೊಡುವ ಲ್ಯಾಬಿನಲ್ಲಿದ್ದಳು. ಮೇಣದಲ್ಲಿ ಹಲ್ಲು ತೀಡಿ, ಅದರ ಸುತ್ತ ಗಾರೆಯಂಥದ್ದು ಕಲಸಿ ಸುರಿದು, ಮೇಣ ಕರಗಿಸಿ ತೆಗೆದು, ಉಳಿದ ಪೊಳ್ಳಿಗೆ ಕಾದ ಲೋಹ ಹೊಯ್ಯುವ ಕೆಲಸ. ಆಮೇಲೆ ತಾನೇ ಹಲ್ಲು ಕಡೆದುಕೊಡುವ ಯಂತ್ರ ಬಂತು. ಲ್ಯಾಬಿನ ಯಜಮಾನ ಆರು ಜನರ ಕೈಗೆ ಒಂದೊಂದು ಕಾಗದ ಕೊಟ್ಟು ಬಾಗಿಲು ತೋರಿಸಿದ. ಅದೇ ಹೊತ್ತಿಗೆ ಮಾವನ ಕಣ್ಣು ಕೈಕೊಡುತ್ತಾ ಬಂದಿತ್ತು. ಅಕ್ಕಪಕ್ಕದ್ದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ ಎಂಬಂಥ ವಿಚಿತ್ರ ಕಾಯಿಲೆ. "ಇಷ್ಟು ದಿನ ಜನರ ಹಲ್ಲಿಗೆ ಟೋಪಿ ಹಾಕಿದ್ದಾಯ್ತಲ್ಲ, ಇನ್ನು ನನ್ನ ಟೋಪಿ ಬ್ಯಾಡ್ಜು ನೋಡು ಬಾಮ್ಮ," ಎಂದು ಮಾವ ಕರೆದರು. ಕೆಲಸ ಹೋದ ದುಃಖದಲ್ಲೂ ಅವಳಿಗೆ ನಗು ಬಂದಿತ್ತು.

ಅಂಗಡಿ ಎಂದರೆ ಬಟ್ಟೆ ರಿಪೇರಿಯ ದರ್ಜಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಕೆಳಗಿನ ಹೊಲಿಗೆ ಯಂತ್ರದ ಅದುರು ದಿನವಿಡೀ ನೆಲದ ಹಲಗೆಗೆ ತಾಗುತ್ತಿತ್ತು. ಗೋಡೆಗುಂಟ ಡ್ರಾಯರುಗಳ ಬೀರು, ಕಿಟಕಿಯ ಬಳಿ ಹಸಿರು ಬಟ್ಟೆ ಹೊದಿಸಿದ ಮೇಜು, ಅದರ ಮೇಲೆ ಕತ್ತು ಬಗ್ಗುವ ದೀಪ ಮತ್ತು ಭೂತಗನ್ನಡಿ. ಪ್ರತಿ ಬ್ಯಾಡ್ಜಿಗೂ ಒಂದು ಕಂದು ಲಕೋಟೆ, ಲಕೋಟೆಯೊಳಗೆ ಮಾವನ ಕೈಬರಹದ ಚೀಟಿ. ಚೀಟಿಯಲ್ಲಿ ಮೂರೇ ಸಾಲು: ಯಾವ ಪಲ್ಟಣದ್ದು, ಯಾವ ಕಾಲದ್ದು, ಏನು ಬೆಲೆ. ಕೆಳಗೆ ಸಹಿ. ಆ ಚೀಟಿ ಇದ್ದರೆ ಸಾಕು, ದೂರದ ಊರಿನ ಸಂಗ್ರಾಹಕರು ಬ್ಯಾಡ್ಜನ್ನು ಕಣ್ಣಾರೆ ನೋಡದೆಯೂ ಕೊಳ್ಳುತ್ತಿದ್ದರು. ಬರೆದ ಚೀಟಿಯನ್ನು ಮಾವ ಒಮ್ಮೆಯೂ ತಿದ್ದಿದವರಲ್ಲ. ಅದು ಅವರ ಹೆಮ್ಮೆ. ಅತ್ತೆ ಆ ಗುಣಕ್ಕೆ ಬೇರೆ ಹೆಸರು ಇಟ್ಟಿದ್ದರು, ಅದು ಇಲ್ಲಿ ಬರೆಯುವಂಥದ್ದಲ್ಲ.

ಹದಿನೇಳು ತಿಂಗಳಲ್ಲಿ ಸೊಸೆ ಸಾಕಷ್ಟು ಕಲಿತಿದ್ದಳು. "ಕಿರೀಟ ನೋಡು," ಎನ್ನುತ್ತಿದ್ದರು ಮಾವ. "ನೆತ್ತಿ ಗುಮ್ಮಟದ ಥರ ಉಬ್ಬಿದ್ರೆ ರಾಜರ ಕಾಲ. ನಡುವೆ ತಗ್ಗಿದ್ರೆ ಈಚಿನ ರಾಣಿ ಕಾಲ. ಎರಡು ಲೋಹದಲ್ಲಿ ಇರಬೇಕಾದ್ದು ಬರೀ ಹಿತ್ತಾಳೇಲಿ ಇದ್ರೆ ಮೊದಲನೇ ಯುದ್ಧದಲ್ಲಿ ಲೋಹ ಉಳಿಸೋಕೆ ಮಾಡಿದ್ದು. ಪ್ಲಾಸ್ಟಿಕ್ಕಾದ್ರೆ ಎರಡನೇ ಯುದ್ಧ. ಮಿರಮಿರ ಹೊಳೆಯೋ ಅಲ್ಯೂಮಿನಿಯಂ ಆದ್ರೆ ಅದಕ್ಕೂ ಆಮೇಲಿನದು, ಪಾಲಿಶ್ ಹಾಕೋಕೆ ಸೋಮಾರಿತನ ಬಂದ ಕಾಲದ್ದು." ಮೊದಲ ವಾರದಲ್ಲೇ ಅವಳು ಪ್ಲಾಸ್ಟಿಕ್ಕಿನ ಒಂದು ಬ್ಯಾಡ್ಜನ್ನು ಮಕ್ಕಳ ಆಟಿಕೆಯೆಂದು ಕಸದ ಬುಟ್ಟಿಗೆ ಎಸೆದಿದ್ದಳು. ಮಾವ ಬುಟ್ಟಿಯನ್ನು ನೆಲಕ್ಕೆ ಸುರಿದು, ಮಂಡಿಯೂರಿ ಕೂತು ಅದನ್ನು ಹುಡುಕಿ ತೆಗೆದಿದ್ದರು.

ಎಲ್ಲ ಪಾಠಕ್ಕೂ ತಲೆಯ ಮೇಲೆ ಕೂತ ಪಾಠ ಒಂದಿತ್ತು. ಕಾರ್ಖಾನೆಯಲ್ಲಿ ತೆಳು ತಗಡನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ಹಾಗಾಗಿ ಅಸಲಿ ಬ್ಯಾಡ್ಜಿನ ಮುಖದಲ್ಲಿ ಉಬ್ಬಿದ್ದು ಬೆನ್ನಿನಲ್ಲಿ ಅಷ್ಟೇ ತಗ್ಗಾಗಿರುತ್ತದೆ. ನಕಲಿ ಮಾಡುವವನಿಗೆ ಅಂಥ ಅಚ್ಚು ಎಲ್ಲಿಂದ ಬರಬೇಕು? ಅವನು ಅಸಲಿಯೊಂದರ ಮೇಲೆ ಪಡಿಯಚ್ಚು ತೆಗೆದು ಲೋಹ ಹೊಯ್ಯುತ್ತಾನೆ. ಬೆನ್ನು ಮುದ್ದೆಯಾಗುತ್ತದೆ, ಆರುವಾಗ ಲೋಹ ಕುಗ್ಗಿ ಬ್ಯಾಡ್ಜು ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. "ಎರಕ ಅಂದ್ರೆ ನಕಲಿ. ಅಲ್ಲಿಗೆ ಮಾತು ಮುಗೀತು," ಎನ್ನುವುದು ಮಾವನ ಕಾನೂನು.

ಒಂದು ಸೋಮವಾರ ಬೆಳಿಗ್ಗೆ, ಮಾವ ಕಣ್ಣಿನ ಇಂಜೆಕ್ಷನ್‌ಗೆಂದು ಹೋಗಿದ್ದಾಗ, ಎತ್ತರದ ಹೆಂಗಸೊಬ್ಬರು ಬಿಸ್ಕತ್ತಿನ ಡಬ್ಬಿಯೊಂದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದರು. ನಲವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಕೂರಿ ಎನ್ನುವ ಮೊದಲೇ ಕೂತರು, ಸೊಸೆಗೂ ಕೂರಲು ಅಪ್ಪಣೆ ಕೊಟ್ಟರು.

"ನಮ್ಮ ಯಜಮಾನರು ಕೂಡಿಸಿಟ್ಟಿದ್ದು. ಒಟ್ಟು ಮೂವತ್ತೆಂಟು. ಅವರು ಹೋಗಿ ಎರಡು ವರ್ಷ ಆಯ್ತು, ಇವು ಬೀರುವಿನಲ್ಲಿ ಜಾಗ ತಿಂತಾ ಕೂತಿವೆ. ಬೆಲೆ ಕಟ್ಟಿಡಿ, ಗುರುವಾರ ಬರ್ತೀನಿ," ಎಂದರು. ಆಮೇಲೆ ಕೈಚೀಲದಿಂದ ಮಾಸಿದ ಲಕೋಟೆಯೊಂದನ್ನು ತೆಗೆದು ಬೇರೆಯಾಗಿ ಇಟ್ಟರು. "ಇದು ಲೆಕ್ಕಕ್ಕಿಲ್ಲ. ಇದರ ತೀರ್ಪು ಮೂವತ್ತು ವರ್ಷದ ಹಿಂದೆ ನಿಮ್ಮ ಅಂಗಡೀಲೇ ಆಗಿದೆ. ಎಸೆಯೋಕೆ ನನಗೆ ಕೈ ಬರಲಿಲ್ಲ. ನೀವೇ ಎಸೆದುಬಿಡಿ."

ಲಕೋಟೆಯೊಳಗೆ ಸಾರಂಗದ ತಲೆಯ, ಮೇಲೆ ಗುಮ್ಮಟದ ಕಿರೀಟವಿದ್ದ ಹಿತ್ತಾಳೆಯ ಬ್ಯಾಡ್ಜು ಇತ್ತು. ಜೊತೆಗೊಂದು ಚೀಟಿ. ಅಕ್ಷರ ಮಾವನದೇ, ಈಗಿನ ಹಾಗೆ ಸಾಲು ಬಿಟ್ಟು ಅಲೆಯುವ ಅಕ್ಷರವಲ್ಲ, ಗೆರೆ ಎಳೆದಂತೆ ನೆಟ್ಟಗಿದ್ದದ್ದು. "ಸಾರಂಗ ಪಲ್ಟಣದ ಬ್ಯಾಡ್ಜಿನ ನಕಲು. ಎರಕ. ಈಚಿನದು. ಬೆಲೆ ಇಲ್ಲ."

"ಯಾರದಮ್ಮ ಇದು?" ಎಂದು ಸೊಸೆ ಕೇಳಿದಳು.

"ನಮ್ಮಪ್ಪಂದು," ಎಂದರು ನರ್ಸಮ್ಮ. ಅಷ್ಟಕ್ಕೇ ನಿಲ್ಲಿಸುವ ಮನಸ್ಸಿತ್ತೋ ಏನೋ, ಮಾತು ನಿಲ್ಲಲಿಲ್ಲ. ಅಪ್ಪ ಎರಡನೇ ಯುದ್ಧದಲ್ಲಿ ಸಾರಂಗ ಪಲ್ಟಣದಲ್ಲಿದ್ದೆ ಎಂದು ಹೇಳುತ್ತಿದ್ದರಂತೆ. ಕಾಗದಪತ್ರವೆಲ್ಲ ನೆಲಮಾಳಿಗೆಗೆ ನೀರು ನುಗ್ಗಿದಾಗ ಹಾಳಾಗಿತ್ತು. ಉಳಿದದ್ದು ಈ ಬ್ಯಾಡ್ಜೊಂದೇ. ಮನೆಗೆ ಯಾರು ಬಂದರೂ ಯುದ್ಧದ ಕತೆ, ಊಟಕ್ಕೆ ಕೂತರೆ ಯುದ್ಧದ ಕತೆ. ಒಂದು ದಿನ ಅಪ್ಪನಿಗೂ ಅಣ್ಣನಿಗೂ ಯಾವುದೋ ಸಣ್ಣ ವಿಷಯಕ್ಕೆ ಜೋರು ಜಗಳವಾಗಿ, ಅಣ್ಣ ಹಟ ಹಿಡಿದು ಬ್ಯಾಡ್ಜನ್ನು ಇಲ್ಲಿಗೆ ತಂದ. ಚೀಟಿ ಬರೆಸಿಕೊಂಡು ಹೋಗಿ ಊಟದ ಮೇಜಿನಲ್ಲಿ ಎಲ್ಲರೆದುರು ಜೋರಾಗಿ ಓದಿದ.

"ಆವತ್ತಿಂದ ಅಪ್ಪನಿಗೆ ಮನೇಲಿ ದಂಡನಾಯಕರು ಅಂತ ಹೆಸರು. ದಂಡನಾಯಕರೇ ಉಪ್ಪು ಕೊಡಿ, ದಂಡನಾಯಕರೇ ಬಾಗಿಲು ಹಾಕಿ. ಎಲ್ರೂ ನಗೋರು. ನಾನೂ ನಕ್ಕಿದ್ದೀನಿ ಕಣಮ್ಮ. ಅಪ್ಪ ಚೀಟೀನ ತಾವೇ ಮಡಚಿ ಬ್ಯಾಡ್ಜಿನ ಜೊತೆ ಇಟ್ರು. ಆಮೇಲೆ ನಾಲ್ಕು ವರ್ಷ ಬದುಕಿದ್ರು, ಯುದ್ಧದ ಸೊಲ್ಲೇ ಎತ್ತಲಿಲ್ಲ."

ಅವರು ಎದ್ದು ಸೆರಗು ಸರಿಮಾಡಿಕೊಂಡು, ಗುರುವಾರ ಹನ್ನೊಂದಕ್ಕೆ ಎಂದು ಇನ್ನೊಮ್ಮೆ ಹೇಳಿ ಇಳಿದುಹೋದರು.

ಎಸೆಯುವ ಮೊದಲು ಒಮ್ಮೆ ನೋಡೋಣವೆಂದು ಸೊಸೆ ಬ್ಯಾಡ್ಜನ್ನು ದೀಪದ ಕೆಳಗೆ ಹಿಡಿದಳು. ಬೆನ್ನು ಮುದ್ದೆಯಾಗಿತ್ತು, ಎರಕವೇ, ಅನುಮಾನವಿಲ್ಲ. ಆದರೆ ಆ ಮೈ ಅವಳಿಗೆ ಸರಿಕಾಣಲಿಲ್ಲ. ಈ ವ್ಯಾಪಾರದ ನಕಲಿಗಾರರು ಮಾಡುವುದು ಅವಳ ಲ್ಯಾಬಿನಲ್ಲಿ ಮಾಡುತ್ತಿದ್ದಂಥ ಮೇಣದ ಎರಕ. ಅದರ ಸಂದಿಗಳಲ್ಲಿ ಸಾಸಿವೆಗಿಂತ ಸಣ್ಣ ಲೋಹದ ಗುಳ್ಳೆ ಉಳಿಯುತ್ತದೆ, ಮೈ ಸೋಪಿನಂತೆ ನುಣ್ಣಗಿರುತ್ತದೆ. ಇದರ ಬೆನ್ನಿನ ಮೇಲೆ ಮರಳಿನ ಕಾಳು ಒತ್ತಿದ ಗುರುತಿತ್ತು. ಇದನ್ನು ಯಾರೋ ಮರಳಿನ ಅಚ್ಚಿನಲ್ಲಿ ಹೊಯ್ದಿದ್ದರು. ಕೆಳಗಿನ ಅಂಚಿನಲ್ಲಿ ಲೋಹ ಒಳಹರಿದ ಜಾಗವನ್ನು ಗರಗಸದಿಂದ ಕೊಯ್ದು, ಒರಟು ಅರದಿಂದ ಉಜ್ಜಿದ್ದರು. ಟೋಪಿಗೆ ಸಿಕ್ಕಿಸುವ ಎರಡು ತಂತಿಯ ಕಿವಿಗಳಲ್ಲಿ ಒಂದು ಸೊಟ್ಟ. ಆ ಅರದ ಗೀರುಗಳ ಮೇಲೆ ವರ್ಷಗಟ್ಟಲೆ ಬಟ್ಟೆ ಆಡಿ ಅಂಚು ದುಂಡಗಾಗಿತ್ತು. ಕಿರೀಟದ ತೂತುಗಳಲ್ಲಿ ಹಳೆಯ ಪಾಲಿಶ್ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಸಾರಂಗದ ಎಡಗೊಂಬಿನ ತುದಿ ಮೊಂಡಾಗಿತ್ತು.

ಮೋಸ ಮಾಡುವವನು ಇಷ್ಟು ಒರಟಾಗಿ ಮಾಡುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಇದು ಅಸಲಿಯಾದರೆ ಒಬ್ಬ ಮನುಷ್ಯ ನಾಲ್ಕು ವರ್ಷ ತನ್ನ ಮನೆಯಲ್ಲೇ ಸುಳ್ಳುಗಾರನಾಗಿ ಬಾಯಿ ಮುಚ್ಚಿಕೊಂಡು ಸತ್ತದ್ದು ಮಾವನ ಮೂರು ಸಾಲಿನಿಂದ.

ಮಧ್ಯಾಹ್ನ ಮಾವ ಕಪ್ಪು ಕನ್ನಡಕ ಹಾಕಿಕೊಂಡು, ಮಗನ ತೋಳು ಹಿಡಿದು ಬಂದರು. ಮಗ ಅವರನ್ನು ಕುರ್ಚಿಯಲ್ಲಿ ಕೂರಿಸಿ ತನ್ನ ಬಸ್ ಡ್ಯೂಟಿಗೆ ಓಡಿದ. ಸೊಸೆ ನಡೆದದ್ದನ್ನು ಹೇಳಿದಳು. ಮಾವನ ಹುಬ್ಬು ಗಂಟಾಯಿತು.

"ಎರಕ ಹೌದೋ ಅಲ್ವೋ?"

"ಹೌದು ಮಾವ."

"ಅಳತೇಲಿ ಚಿಕ್ಕದೋ ಅಲ್ವೋ?"

"ಚಿಕ್ಕದೇ."

"ಮತ್ತೇನು?"

"ಎರಕ ಅಂದ್ರೆ ಎಲ್ಲಾ ಒಂದೇ ಅಲ್ಲ ಮಾವ. ಇದು ಮರಳಿನ ಎರಕ. ಕೈಯಲ್ಲಿ ಮಾಡಿದ್ದು. ಇದನ್ನ ಮಾಡಿದೋನಿಗೆ ಯಾರಿಗೋ ಮೋಸ ಮಾಡೋ ಯೋಚನೆ ಇರಲಿಲ್ಲ, ಟೋಪಿಗೆ ಒಂದು ಬ್ಯಾಡ್ಜು ಬೇಕಾಗಿತ್ತು ಅಷ್ಟೆ. ಸೈನಿಕರು ಎಲ್ಲೋ ದೂರದಲ್ಲಿದ್ದಾಗ, ಸರಬರಾಜು ಬರದೆ ಇದ್ದಾಗ, ಅಲ್ಲೇ ಮಾಡಿಸಿಕೊಂಡಿರಬಹುದಲ್ವಾ?"

"ಇರಬಹುದು, ಮಾಡಿರಬಹುದು, ಆಗಿರಬಹುದು," ಎಂದು ಮಾವ ಒಂದೊಂದಕ್ಕೂ ಮೇಜು ತಟ್ಟಿದರು. "ಚೀಟೀಲಿ 'ಇರಬಹುದು' ಅಂತ ಬರೆಯೋಕಾಗಲ್ಲಮ್ಮ. ಹಲ್ಲಿನ ಲ್ಯಾಬಲ್ಲಿ ನೀನು ಎಷ್ಟು ವರ್ಷ ಇದ್ದೆ?"

"ಹತ್ತೊಂಬತ್ತು."

"ಇಲ್ಲಿ?"

"ಹದಿನೇಳು ತಿಂಗಳು."

"ಹಾಂ," ಎಂದರು ಮಾವ. ಆಮೇಲೆ ದನಿ ತಗ್ಗಿಸಿ, "ನನ್ನ ಹತ್ರ ಈಗ ಕಣ್ಣಿಲ್ಲ. ಇರೋದು ಚೀಟಿ ಒಂದೇ. ಒಂದು ಚೀಟಿ ಸುಳ್ಳು ಅಂತಾದ್ರೆ ಉಳಿದ ಸಾವಿರಾರು ಚೀಟೀನ ಯಾರು ನಂಬ್ತಾರೆ, ಹೇಳು?" ಎಂದರು.

ಸೊಸೆಗೆ ಸಿಟ್ಟು ಬಂತು, ಆ ಸಿಟ್ಟಿನ ಮೇಲೆಯೇ ಅಯ್ಯೋ ಪಾಪ ಎಂದೂ ಅನ್ನಿಸಿತು. ಅವಳು ಬ್ಯಾಡ್ಜನ್ನು ಎಸೆಯದೆ ಅದರ ಲಕೋಟೆಗೆ ವಾಪಸು ಹಾಕಿಟ್ಟಳು.

ಮಂಗಳವಾರ ಅವಳು ಡಬ್ಬಿಯ ಮೂವತ್ತೆಂಟಕ್ಕೂ ಬೆಲೆ ಕಟ್ಟಿದಳು. ಆರನ್ನು ನಕಲಿಯೆಂದು ಪಕ್ಕಕ್ಕಿಟ್ಟಳು. ಹಳೆಯ ಅಚ್ಚಿನಲ್ಲೇ ಈಚೆಗೆ ಒತ್ತಿದ್ದು, ಟೋಪಿಗೆ ಸಿಕ್ಕಿಸುವ ಹಿಂದಿನ ಪಟ್ಟಿಯನ್ನು ಸೀಸದ ಬೆಸುಗೆಯಲ್ಲಿ ಅಂಟಿಸಿದ್ದು. ಮಾವ ಅವುಗಳನ್ನು ಹೆಬ್ಬೆರಳಿನಿಂದ ಸವರಿ, ಆರೂ ಹೌದು ಎಂದು ತಲೆಯಾಡಿಸಿದರು. ಇಬ್ಬರೂ ಸಾರಂಗದ ಸುದ್ದಿ ಎತ್ತಲಿಲ್ಲ. ಊಟಕ್ಕೆ ಮನೆಗೆ ಹೋದಾಗ ಅತ್ತೆಗೆ ವಾಸನೆ ಹತ್ತಿತು.

"ಏನು, ಇಬ್ರೂ ಮುಖ ಊದಿಸ್ಕೊಂಡು ಕೂತಿದ್ದೀರಿ?" ಎಂದು ಕೇಳಿ, ಸೊಸೆಯ ಬಾಯಿಂದ ಎಲ್ಲ ಹೊರಡಿಸಿದ ಮೇಲೆ ಅತ್ತೆ ಗಂಡನ ಕಡೆ ನೋಡದೆಯೇ ಹೇಳಿದರು, "ನೋಡಮ್ಮ, ನನ್ನ ಮದುವೆಯಾಗಿ ಐವತ್ತು ವರ್ಷ. ತಪ್ಪಾಯ್ತು ಅನ್ನೋ ಮಾತು ಈ ಮನುಷ್ಯನ ಬಾಯಲ್ಲಿ ನಾನು ಕೇಳಿಲ್ಲ. ನಿನ್ನ ಕೈಲಾದ್ರೆ ಕೇಳಿಸು. ಪುಣ್ಯ ಬರುತ್ತೆ."

"ಊಟ ಮಾಡೋಕೆ ಬಿಡ್ತೀರಾ?" ಎಂದರು ಮಾವ.

ಬುಧವಾರ ಬೆಳಿಗ್ಗೆ ಸೊಸೆ ಮಾಮೂಲಿ ಕೆಲಸಕ್ಕೆ ಕೂತಳು. ಮಾವನ ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು ಅವಳು ಬಂದಾಗಿನಿಂದ ನಡೆಯುತ್ತಿದ್ದ ಕೆಲಸ, ಮುಕ್ಕಾಲು ಮುಗಿದಿತ್ತು. ಏನೋ ಹೊಳೆದು ಸಾರಂಗ ಎಂದು ಹುಡುಕಿದಳು. ಒಂಬತ್ತು ಬಂದವು. ಎಂಟು ಅಚ್ಚಿನಲ್ಲಿ ಒತ್ತಿದ ಮಾಮೂಲಿ ಬ್ಯಾಡ್ಜುಗಳು. ಒಂಬತ್ತನೆಯದನ್ನು ಅವಳು ತಾನೇ ಏರಿಸಿದ್ದಳು, ಮರೆತಿದ್ದಳು. "ಸಾರಂಗ ಪಲ್ಟಣದ ಸಿಪಾಯಿಯ ಸಂಬಳದ ಪುಸ್ತಕ, ಅಸಲಿ. ಜೊತೆಗಿರುವ ಬ್ಯಾಡ್ಜು ನಕಲಿ, ಎರಕ, ಆಮೇಲೆ ಯಾರೋ ಸೇರಿಸಿದ್ದು." ಆರು ವರ್ಷದ ಹಿಂದೆ ಮಾವ ದೂರದ ಊರಿನ ಹರಾಜಿನಲ್ಲಿ ಕೊಂಡದ್ದು. ಕಣ್ಣು ಮಂಜಾಗಲು ಶುರುವಾಗಿದ್ದ ಕಾಲ.

ಅವಳು ಕೆಳಗಿನ ಡ್ರಾಯರು ಎಳೆದು ಆ ಲಕೋಟೆ ಬಿಚ್ಚಿದಳು. ಬ್ಯಾಡ್ಜನ್ನು ನರ್ಸಮ್ಮನ ಬ್ಯಾಡ್ಜಿನ ಪಕ್ಕದಲ್ಲಿಟ್ಟಳು. ಎರಡರ ಬೆನ್ನಿನಲ್ಲೂ ಮರಳಿನ ಕಾಳು. ಎರಡರಲ್ಲೂ ಎಡಗೊಂಬಿನ ತುದಿ ಮೊಂಡು, ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ. ಬಿದ್ದು ಮುರಿದದ್ದಾಗಿದ್ದರೆ ಹೀಗೆ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಎರಡೂ ಒಂದೇ ಮಾದರಿಯ ಮಕ್ಕಳು. ಸಂಬಳದ ಪುಸ್ತಕವನ್ನು ಪುಟಪುಟವಾಗಿ ತಿರುವಿದಳು. ಹೆಸರು, ನಂಬರು, ಸೇರಿದ ದಿನ, ಸೀಲು. ಕೊನೆಯ ಖಾಲಿ ಹಾಳೆಗಳಲ್ಲಿ ಆ ಸಿಪಾಯಿ ಪೆನ್ಸಿಲಿನಲ್ಲಿ ಸಣ್ಣಗೆ ಏನೇನೋ ಗೀಚಿದ್ದ. ಅಳಿಸಿಹೋಗಿದ್ದ ಅಕ್ಷರ. ದೀಪವನ್ನು ಓರೆಯಾಗಿ ಹಿಡಿದಾಗ ಮಾತ್ರ ಕಂಡಿತು. ಓದಿದಳು. ಓದುತ್ತಾ ಓದುತ್ತಾ ಅವಳಿಗೆ ಅಳುವೂ ನಗುವೂ ಬಂತು.

ಮಾವ ಒಳಕೋಣೆಯಲ್ಲಿ ರೇಡಿಯೋ ಕೇಳುತ್ತಾ ಕೂತಿದ್ದರು. ಅವಳು ರೇಡಿಯೋ ಆರಿಸಿ, ಅವರ ಎರಡು ಅಂಗೈಯಲ್ಲಿ ಎರಡು ಬ್ಯಾಡ್ಜು ಇಟ್ಟಳು.

"ಏನಿದು?"

"ಎಡಗೊಂಬು ಮುಟ್ಟಿ ನೋಡಿ."

ಮಾವನ ಹೆಬ್ಬೆರಳು ಒಂದರ ಮೇಲೆ ಆಡಿತು, ಇನ್ನೊಂದರ ಮೇಲೆ ಆಡಿತು, ಮತ್ತೆ ಮೊದಲನೆಯದಕ್ಕೆ ಬಂತು. ಐವತ್ತೆರಡು ವರ್ಷದ ಹೆಬ್ಬೆರಳು ಅದು, ಅದಕ್ಕೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. "ಒಂದೇ ಮಾದರಿ," ಎಂದರು ನಿಧಾನವಾಗಿ. ಕೂಡಲೇ, "ಒಬ್ಬನೇ ಕಳ್ಳ ಇಬ್ಬರಿಗೂ ಮಾರಿರಬಹುದು," ಎಂದೂ ಸೇರಿಸಿದರು.

"ಈಗ ನೀವೇ 'ಇರಬಹುದು' ಅಂತಿದ್ದೀರಿ. ಇದನ್ನ ಕೇಳಿ ಮಾವ," ಎಂದು ಅವಳು ಪುಸ್ತಕದ ಕೊನೆಯ ಹಾಳೆ ಓದಿದಳು. "'ಬ್ಯಾಡ್ಜುಗಳ ಪೆಟ್ಟಿಗೆ ಹಡಗಿನ ಜೊತೆ ಮುಳುಗಿತು. ಬಜಾರಿನ ಕಂಚುಗಾರ ಹೊಸದು ಹೊಯ್ದುಕೊಟ್ಟ. ಮಾದರಿಗೆ ಕೊಟ್ಟಿದ್ದು ನಮ್ಮ ಸಾರ್ಜೆಂಟನದು, ಅದರ ಎಡಗೊಂಬು ಮೊದಲೇ ಮೊಂಡು. ಈಗ ಇಡೀ ಕಂಪನಿಯ ಸಾರಂಗಗಳಿಗೂ ಎಡಗೊಂಬು ಮೊಂಡು. ಎಲ್ಲರೂ ನಗುತ್ತಿದ್ದೇವೆ, ಸಾರ್ಜೆಂಟನೊಬ್ಬನನ್ನು ಬಿಟ್ಟು.' ಕೆಳಗೆ ತಾರೀಕಿದೆ. ಸಾವಿರದ ಒಂಬೈನೂರ ನಲವತ್ಮೂರು."

ಮಾವ ಬ್ಯಾಡ್ಜುಗಳನ್ನು ಮಡಿಲಿಗೆ ಹಾಕಿಕೊಂಡು ಹಾಳೆಯ ಮೇಲೆ ಬೆರಳಾಡಿಸಿದರು. ಕೆಳಗೆ ದರ್ಜಿಯ ಯಂತ್ರ ಉದ್ದನೆಯ ಹೊಲಿಗೆ ಮುಗಿಸಿ ನಿಂತಿತು.

"ಇಂಕಾ, ಪೆನ್ಸಿಲ್ಲಾ?"

"ಪೆನ್ಸಿಲ್ಲು. ಪುಟದಲ್ಲೇ ಇಳಿದುಹೋಗಿದೆ. ಮುಂದಿನ ಹಾಳೆ ಮೇಲೂ ಅದರ ಕಪ್ಪು ಉಲ್ಟಾ ಹತ್ತಿದೆ. ಈಚೆಗೆ ಬರೆದಿದ್ದಲ್ಲ."

"ಆ ಹಾಳೆಗಳನ್ನ ನಾನು ಓದೋದೇ ಇಲ್ಲ," ಎಂದರು ಮಾವ. "ಸೀಲಿರೋ ಪುಟ ಅಷ್ಟೇ ನೋಡ್ತೀನಿ. ಸಿಪಾಯಿಗಳು ಗೀಚಿಕೊಂಡಿದ್ದು ಅವರವರ ಮನೆ ಮಾತು ಅಂತ ಬಿಟ್ಟುಬಿಡ್ತಿದ್ದೆ." ಅವರು ಕಪ್ಪು ಕನ್ನಡಕ ತೆಗೆದು, ಒದ್ದೆಯಾಗಿದ್ದ ಕಣ್ಣನ್ನು ಕರವಸ್ತ್ರದಿಂದ ಒತ್ತಿದರು. ಇಂಜೆಕ್ಷನ್ನಿನ ನೀರೋ ಬೇರೆಯದೋ ಅವಳು ಕೇಳಲಿಲ್ಲ. "ಈ ಪುಸ್ತಕ ಬಂದಾಗ ನನ್ನ ಕಣ್ಣು ಹೋಗ್ತಿತ್ತು, ಆಯ್ತು. ಆದ್ರೆ ಮೂವತ್ತು ವರ್ಷದ ಹಿಂದೆ ಕಣ್ಣು ಚೆನ್ನಾಗೇ ಇತ್ತಲ್ಲಮ್ಮ. ಆ ಅಣ್ಣ ಬಂದಾಗ ಎರಡು ನಿಮಿಷವೂ ನೋಡಿರಲ್ಲ ನಾನು. ಮಗುಚಿದೆ, ಎರಕ ಅಂದೆ, ಬರೆದುಕೊಟ್ಟೆ. ಇದು ಎಲ್ಲಿಂದ ಬಂತಪ್ಪಾ, ಯಾರದು, ಅಂತ ಒಂದು ಮಾತು ಕೇಳಲಿಲ್ಲ. ಕೇಳಿದ್ರೆ ಅವರಪ್ಪ ಏನು ಹೇಳ್ತಿದ್ರು ಅಂತ ಅವನೇ ಹೇಳ್ತಿದ್ದ."

ಇಷ್ಟು ದಿನ ಅವರ ಹಟದ ಮೇಲಿದ್ದ ಸಿಟ್ಟೆಲ್ಲ ಅವಳಿಗೆ ಒಂದೇ ಸಲ ಇಳಿದುಹೋಯಿತು. ಅವರ ಕೈ ಹಿಡಿದು ಕೂತಳು. ಗೆದ್ದ ಸಂತೋಷ ಬರಬೇಕಿತ್ತು, ಬರಲಿಲ್ಲ.

"ಚೀಟಿ ತೆಗಿ," ಎಂದರು ಮಾವ. "ನೀನೇ ಬರಿ. ಕಂಡುಹಿಡಿದವಳು ನೀನು, ಸಹಿಯೂ ನಿಂದೇ ಇರ್ಲಿ."

"ಆಗಲ್ಲ ಮಾವ. ತಪ್ಪು ಚೀಟಿ ಮೇಲೆ ನಿಮ್ಮ ಸಹಿ ಇದೆ. ಸರಿ ಚೀಟಿ ಮೇಲೂ ನಿಮ್ಮದೇ ಇರ್ಬೇಕು. ಇಲ್ದಿದ್ರೆ ಅವರ ಮನೇಲಿ ಯಾರು ನಂಬ್ತಾರೆ?"

ಮಾವ ಅವಳ ಕಡೆಗೆ ತಿರುಗಿದರು. ನೇರ ನೋಡಿದರೆ ಕಾಣುವುದಿಲ್ಲವೆಂದು ಮುಖವನ್ನು ಸ್ವಲ್ಪ ಓರೆ ಮಾಡಿ, ಕಣ್ಣಂಚಿನಿಂದ ಅವಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೆಲಸ ಶುರುವಾಯಿತು. ಮೊದಲ ಎರಡು ಸಾಲು ಸುಲಭವಾಗಿ ಬಂದವು: ಸಾರಂಗ ಪಲ್ಟಣ, ಯುದ್ಧಕಾಲದಲ್ಲಿ ಬಜಾರಿನಲ್ಲಿ ಎರಕ ಹೊಯ್ದದ್ದು, ಸಾವಿರದ ಒಂಬೈನೂರ ನಲವತ್ಮೂರು. ಮೂರನೆಯ ಸಾಲಿಗೆ ಇಬ್ಬರೂ ಸಿಕ್ಕಿಕೊಂಡರು. ಮಾಮೂಲಿ ಸಾರಂಗವಾಗಿದ್ದರೆ ಒಂದು ಜೊತೆ ಚಪ್ಪಲಿಯ ಬೆಲೆ. ಆದರೆ ಮುಳುಗಿದ ಹಡಗಿನ ಕತೆ, ಸಾಕ್ಷಿಗೆ ಪುಸ್ತಕ, ಇಡೀ ಕಂಪನಿಯಲ್ಲಿ ಉಳಿದದ್ದು ಎರಡೇ ಎರಡು. ಮಾವ ಲೆಕ್ಕ ಹಾಕಿದರು, ಬೇಡವೆಂದರು, ಮತ್ತೆ ಹಾಕಿದರು. ಕೊನೆಗೆ ಒಂದು ಒಳ್ಳೆಯ ಹೊಲಿಗೆ ಯಂತ್ರದ ಬೆಲೆಗೆ ಬಂದು ನಿಂತರು. ಡಬ್ಬಿಯ ಮೂವತ್ತೆಂಟನ್ನೂ ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ಸೊಸೆ ಬರೆದಳು, ಮಾವನ ಬೆರಳನ್ನು ಸಾಲಿನ ಕೆಳಗೆ ಇರಿಸಿದಳು, ಅವರು ಸಹಿ ಹಾಕಿದರು. ಸಹಿ ಸ್ವಲ್ಪ ಮೇಲಕ್ಕೆ ಹತ್ತಿತು.

ಗುರುವಾರ ಸರಿಯಾಗಿ ಹನ್ನೊಂದಕ್ಕೆ ನರ್ಸಮ್ಮ ಬಂದರು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೇಜಿನ ಹಿಂದೆ ಕೂತಿದ್ದರು. ಸೊಸೆ ಡಬ್ಬಿಯ ಬೆಲೆಪಟ್ಟಿ ಕೊಡಲು ಹೋದಳು, ಮಾವ ಕೈಯೆತ್ತಿ ತಡೆದರು.

"ತಾಯಿ, ಮೊದಲು ಬೇರೆ ಮಾತಿದೆ," ಎಂದರು. ನೀರು ಕುಡಿದರು. "ನಿಮ್ಮ ತಂದೆಯವರು ಸುಳ್ಳು ಹೇಳಿರಲಿಲ್ಲ. ಸುಳ್ಳು ಬರೆದಿದ್ದು ನಾನು."

ಸೊಸೆ ಎರಡೂ ಬ್ಯಾಡ್ಜು ತೋರಿಸಿದಳು, ಮರಳಿನ ಗುರುತು ತೋರಿಸಿದಳು, ಪುಸ್ತಕದ ಹಾಳೆ ಓದಿದಳು. ಸಾರ್ಜೆಂಟ್ ನಗದ ಸಾಲಿಗೆ ಬಂದಾಗ ನರ್ಸಮ್ಮ ಮುಂದಕ್ಕೆ ಬಾಗಿದರು.

"ಆ ಸಾರ್ಜೆಂಟ್ ವಿಷಯ ಅಪ್ಪ ಹೇಳೋರು," ಎಂದರು ಅವರು. "ಕೊಂಬಿನ ಜಗಳ ಅಂತ ಒಂದು ಕತೆ. ನಮಗೆ ಅರ್ಥವೇ ಆಗ್ತಿರಲಿಲ್ಲ." ಆಮೇಲೆ ಒಮ್ಮೆಲೇ ಸಿಟ್ಟು ಬಂತು. ವಾರ್ಡಿನಲ್ಲಿ ಅದೆಷ್ಟು ಜನರನ್ನು ನಡುಗಿಸಿತ್ತೋ, ಅಂಥ ದನಿ. "ನಾಲ್ಕು ವರ್ಷ ಸ್ವಾಮಿ! ನಾಲ್ಕು ವರ್ಷ ನಮ್ಮಪ್ಪ ತಲೆ ತಗ್ಗಿಸಿಕೊಂಡು ಊಟ ಮಾಡಿದ್ರು!"

"ಹೌದು ತಾಯಿ," ಎಂದರು ಮಾವ. "ನನ್ನಿಂದ ತಪ್ಪಾಯ್ತು. ದೊಡ್ಡ ತಪ್ಪು."

ಅವರು ಕಣ್ಣು ಕೆಳಗೆ ಹಾಕಲಿಲ್ಲ, ನೆಪ ಹೇಳಲಿಲ್ಲ, ಕಣ್ಣಿನ ಕಾಯಿಲೆಯ ಹೆಸರೂ ಎತ್ತಲಿಲ್ಲ. ನರ್ಸಮ್ಮ ಹೊಸ ಚೀಟಿಯನ್ನು ಎರಡು ಸಲ ಓದಿದರು. ಬೆಲೆಯ ಸಾಲಿನ ಮೇಲೆ ಅವರ ಕಣ್ಣು ನಿಂತ ಹಾಗೆ ಕಾಣಲಿಲ್ಲ. ಸಿಟ್ಟು ಬಂದಷ್ಟೇ ಬೇಗ ಇಳಿಯಿತು, ಅವರ ಮುಖ ಚಿಕ್ಕ ಹುಡುಗಿಯದಾಯಿತು. ಸಂತೋಷವೆಂದರೆ ಹೇಗಿರುತ್ತದೆಂದು ಸೊಸೆ ಆ ಮುಖದಲ್ಲಿ ನೋಡಿದಳು.

"ಇದನ್ನ ನಮ್ಮಣ್ಣನಿಗೆ ಹೇಳ್ಬೇಕು," ಎಂದರು ನರ್ಸಮ್ಮ. "ನಾನು ಹೇಳಿದ್ರೆ ನಂಬಲ್ಲ. ನಾನು ಅಪ್ಪನ ಮುದ್ದಿನ ಮಗಳು, ಏನೋ ಸಮಾಧಾನಕ್ಕೆ ಹೇಳ್ತಿದ್ದೀನಿ ಅಂದ್ಕೋತಾನೆ. ಚೀಟಿ ಬರೆದಿದ್ದು ನೀವು. ನೀವೇ ಹೇಳ್ತೀರಾ?"

ಸೊಸೆಗೆ ಆತಂಕವಾಯಿತು. ಒಬ್ಬರೆದುರು ಒಪ್ಪಿಕೊಳ್ಳುವುದಕ್ಕೇ ಮಾವ ಹಿಂದಿನ ರಾತ್ರಿಯಿಡೀ ನಿದ್ದೆ ಬಿಟ್ಟಿದ್ದರು. ಆದರೆ ಅವರು ಆಗಲೇ ಕೈ ಚಾಚಿದ್ದರು.

"ಫೋನ್ ಹಚ್ಚಿಕೊಡಿ ತಾಯಿ."

ನರ್ಸಮ್ಮ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಮಾಡಿ, ಫೋನನ್ನು ಅವರ ಮುಂದಿಟ್ಟರು. ಆ ಕಡೆ ವಯಸ್ಸಾದ ಗಂಡುದನಿ, ಹಿಂದೆ ಮಕ್ಕಳ ಗಲಾಟೆ. ಮಾವ ತಾವು ಯಾರೆಂದು ಹೇಳಿದರು. ಮೂವತ್ತು ವರ್ಷದ ಹಿಂದೆ ನೀವು ಸಾರಂಗದ ಬ್ಯಾಡ್ಜು ತಂದಿದ್ದಿರಿ, ನಾನು ನಕಲಿ ಎಂದು ಬರೆದುಕೊಟ್ಟೆ, ಅದು ನಕಲಿಯಲ್ಲ, ನಿಮ್ಮ ತಂದೆಯವರ ಪಲ್ಟಣಕ್ಕಾಗಿ ಬಜಾರಿನ ಕಂಚುಗಾರ ಮಾಡಿದ್ದು, ನಿಮ್ಮ ತಂದೆಯವರು ಹೇಳಿದ್ದೆಲ್ಲ ನಿಜ, ನನ್ನ ಚೀಟಿ ತಪ್ಪು ಎಂದು, ಒಂದು ಮಾತನ್ನೂ ನುಂಗದೆ ಹೇಳಿದರು.

ಆ ಕಡೆಯಿಂದ ಮಕ್ಕಳ ಗಲಾಟೆಯಷ್ಟೇ ಕೇಳುತ್ತಿತ್ತು. ಲೈನು ಕಟ್ಟಾಯಿತೇನೋ ಎಂದು ನರ್ಸಮ್ಮ ಫೋನಿನತ್ತ ಬಾಗಿದರು.

"ಅಪ್ಪ ಆವತ್ತೇ ಹೇಳಿದ್ರು," ಎಂದಿತು ಆ ದನಿ, ಒಡೆದುಹೋಗಿತ್ತು. "ಬಜಾರಲ್ಲಿ ಮಾಡ್ಸಿದ್ದು ಕಣೋ ಅಂದ್ರು. ನಾನು ನಿಮ್ಮ ಚೀಟಿ ಮುಖಕ್ಕೆ ಹಿಡಿದೆ." ಆಮೇಲೆ ಕುರ್ಚಿ ಸರಿದ ಸದ್ದು, ಯಾರನ್ನೋ ಗದರಿ ಹತ್ತಿರ ಕರೆದ ಸದ್ದು. "ಸ್ವಲ್ಪ ಇರಿ ಸ್ವಾಮಿ. ಇಲ್ಲಿ ನನ್ನ ಮೊಮ್ಮಕ್ಕಳಿದ್ದಾರೆ, ನಾಲ್ಕು ಜನ. ಇವರಿಗೂ ನಾನು ಮುತ್ತಜ್ಜನ ಕತೆ ತಮಾಷೆಯಾಗೇ ಹೇಳಿದ್ದೀನಿ. ಹಾಂ, ಬಂದ್ರು, ಎಲ್ರೂ ಬಂದ್ರು. ಈಗ ಇನ್ನೊಂದ್ಸಲ ಹೇಳಿ. ಜೋರಾಗಿ ಹೇಳಿ."

ಮಾವ ಮೇಜು ಹಿಡಿದು ಎದ್ದು ನಿಂತರು, ಮೊದಲಿನಿಂದ ಹೇಳಿದರು.